ಬೆಂಗಳೂರಿನ ಪಬ್: ಎಲ್ಲಿ ಕೂರಬಹುದು, ಎಲ್ಲಿಂದ ಎದ್ದು ಬರಬೇಕು

ಗೋಡೆಗೆ, ದೀಪಕ್ಕೆ, ಸೆಲ್ಫಿ ತೆಗೆದುಕೊಳ್ಳುವ ಮೂಲೆಗೆ ಪಬ್ಬಿನವರು ಎಷ್ಟು ದುಡ್ಡು ಸುರಿದಿದ್ದಾರೆ ಅನ್ನುವುದು ಬಾಗಿಲಲ್ಲೇ ಕಾಣುತ್ತದೆ. ಅದರಿಂದ ನಮಗೆ ತಿಳಿಯುವುದು ಏನೂ ಇಲ್ಲ. ಬಿಯರ್ ಹರಿಯುವ ಪೈಪು, ಗ್ಲಾಸು ತೊಳೆಯುವ ಸಿಂಕು, ಅಡುಗೆಮನೆಯ ಬಾಣಲೆ, ಹೆಂಗಸರ ಶೌಚಾಲಯದ ಚಿಲಕ, ಹಿಂದಿನ ಮೆಟ್ಟಿಲು: ಗಿರಾಕಿಯ ಕಣ್ಣು ಬೀಳದ ಈ ಜಾಗಗಳಿಗೆ ಎಷ್ಟು ಖರ್ಚು ಮಾಡಿದ್ದಾರೆ ಅನ್ನುವುದೇ ಲೆಕ್ಕ. ಕೂತ ಹತ್ತು ನಿಮಿಷದೊಳಗೆ ಇದನ್ನೆಲ್ಲ ಅಂದಾಜು ಮಾಡಬಹುದು. ಎರಡನೇ ಮಗ್ ಹೇಳುವ ಮೊದಲೇ ಮಾಡಿದರೆ ಇನ್ನೂ ಒಳ್ಳೆಯದು, ಆಮೇಲೆ ಎಲ್ಲ ಪಬ್ಬೂ ಚೆನ್ನಾಗಿಯೇ ಕಾಣುತ್ತದೆ.

ಮೊದಲು ಯಾವ ಬಗೆಯದ್ದು ಬೇಕು ಅಂತ ತೀರ್ಮಾನಿಸಿ

ಬೆಂಗಳೂರಿನಲ್ಲಿ ‘ಪಬ್’ ಅನ್ನುವ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ವ್ಯವಹಾರಗಳಿವೆ. ಸಂಜೆ ಕೆಡುವುದು ಹೆಚ್ಚಾಗಿ ಕೆಟ್ಟ ಪಬ್ಬಿನಿಂದಲ್ಲ, ತಪ್ಪು ಬಗೆಯ ಪಬ್ಬಿಗೆ ಹೋಗಿದ್ದರಿಂದ.

ಒಂದು, ಎಲ್ಲ ಬಡಾವಣೆಯಲ್ಲೂ ಇರುವ ಬಾರ್ ಅಂಡ್ ರೆಸ್ಟೋರೆಂಟ್. ಅಬಕಾರಿ ಭಾಷೆಯಲ್ಲಿ ಸಿಎಲ್-9 ಲೈಸೆನ್ಸಿನದ್ದು. ಬಾಟಲಿ ಬಿಯರ್, ಕ್ವಾರ್ಟರ್, ನೈಂಟಿ, ಜೊತೆಗೆ ಚಿಕನ್ ಕಬಾಬ್, ಮಸಾಲ ಕಡ್ಲೆಬೀಜ, ಮೊಟ್ಟೆ. ಬೆಳಕು ಮಂದ, ಟಿವಿಯಲ್ಲಿ ಕ್ರಿಕೆಟ್ಟು ಇಲ್ಲವೇ ಹಳೆ ಸಿನಿಮಾ. ಸಪ್ಲೈಯರ್ ಜೊತೆ ಕನ್ನಡದಲ್ಲಿ ಮಾತಾಡಬಹುದು, ಅವರಿಗೂ ನಮ್ಮ ಮುಖ ನೆನಪಿರುತ್ತದೆ. ಬಾಟಲಿ ಸೀಲ್ ಇದ್ದೇ ಬರುವುದರಿಂದ ಅಳತೆಯಲ್ಲಿ ಮೋಸ ಕಡಿಮೆ. ಇಬ್ಬರು ಗೆಳೆಯರು ಕೂತು ಮನೆ ಸಾಲದ ಬಗ್ಗೆ ಮಾತಾಡಬೇಕು ಅಂದರೆ ಇದಕ್ಕಿಂತ ಒಳ್ಳೆಯ ಜಾಗ ಊರಲ್ಲಿಲ್ಲ. ಇದನ್ನೂ ಸಿಎಲ್-2 ವೈನ್ ಶಾಪನ್ನೂ ಒಂದೇ ಅಂದುಕೊಳ್ಳಬೇಡಿ. ಅದು ಸೀಲ್ ಬಾಟಲಿ ಕೊಂಡು ಹೋಗುವ ಅಂಗಡಿ. ಪಕ್ಕದ ಗೋಡೆಗೆ ಒರಗಿ ಪ್ಲಾಸ್ಟಿಕ್ ಲೋಟದಲ್ಲಿ ಕುಡಿಯುವವರು ಎಷ್ಟೇ ಇದ್ದರೂ, ಅಲ್ಲೇ ಕುಡಿಯಲು ಆ ಲೈಸೆನ್ಸಿನಲ್ಲಿ ಅವಕಾಶವಿಲ್ಲ.

ಎರಡು, ಎಂಬತ್ತರ ದಶಕದಲ್ಲಿ ಊರಿಗೆ ‘ಪಬ್ ಸಿಟಿ’ ಅಂತ ಹೆಸರು ತಂದ ಮಗ್-ಪಿಚರ್ ಪಬ್, ಪಿಚರ್ ಅಂದರೆ ಟೇಬಲ್ಲಿಗೆ ತಂದಿಡುವ ದೊಡ್ಡ ಜಗ್. ಕೆಗ್ ಅನ್ನುವ ಲೋಹದ ಪೀಪಾಯಿಯಿಂದ ನಲ್ಲಿಗೆ ಬರುವ ಡ್ರಾಫ್ಟ್ ಬಿಯರ್, ಮರದ ಬೆಂಚು, ರಾಕ್ ಸಂಗೀತ. ಬ್ರಿಗೇಡ್ ರಸ್ತೆ ಪಕ್ಕದ ರೆಸ್ಟ್ ಹೌಸ್ ರಸ್ತೆಯಲ್ಲಿರುವ ಪೆಕೋಸ್ ಈ ಜಾತಿಯದ್ದು, 1989ರಿಂದ ಇದೆ. ಇಲ್ಲಿ ಬಿಯರಿನಲ್ಲಿ ಆಯ್ಕೆ ಇರುವುದಿಲ್ಲ, ಬೇಕಾಗಿಯೂ ಇಲ್ಲ. ವಾರದ ದಿನ ಮಧ್ಯಾಹ್ನ ಮೂರಕ್ಕೆ ಹೋದವರಿಗೆ ಇಂಥ ಪಬ್ಬಿನ ಬೆಲೆ ತಿಳಿಯುತ್ತದೆ, ಶನಿವಾರ ರಾತ್ರಿ ಒಂಬತ್ತಕ್ಕೆ ಹೋದವರಿಗೆ ತಿಳಿಯುವುದಿಲ್ಲ.

ಮೂರು, ಮೈಕ್ರೋಬ್ರೂವರಿ. ಅಲ್ಲೇ ಕುದಿಸಿ, ಅಲ್ಲೇ ಹುಳಿಸಿ, ಅಲ್ಲೇ ಬಡಿಸುವುದು. ವಿಠಲ್ ಮಲ್ಯ ರಸ್ತೆಯಲ್ಲಿ 2011ರಲ್ಲಿ ಶುರುವಾದ ಬಿಯರ್ ಕ್ಲಬ್ ನಗರದ ಮೊದಲನೆಯದು. ಇಂದಿರಾನಗರ 100 ಅಡಿ ರಸ್ತೆಯ ಟಾಯ್ಟ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಇದೇ ಸಾಲಿನವು. ಬಿಯರಿನ ರುಚಿಗೇ ಹೋಗುವವರು, ಆರೆಂಟು ಜನರ ಆಫೀಸ್ ಗುಂಪು, ಮನೆಮಂದಿ ಜೊತೆಗಿದ್ದವರು ಇಲ್ಲಿಗೆ ಹೋಗಬೇಕು. ದುಬಾರಿ.

ನಾಲ್ಕು, ಮಹಡಿ ಮೇಲಿನ ಡಿಜೆ ಪಬ್. ಇಲ್ಲಿ ಮಾರುವುದು ಪಾನೀಯವಲ್ಲ, ಗದ್ದಲ ಮತ್ತು ಗಾಳಿ. ಕುಣಿಯುವ ಮನಸ್ಸಿದ್ದರೆ ಸರಿ. ಹಳೆ ಗೆಳೆಯ ಅಮೆರಿಕದಿಂದ ಹತ್ತು ವರ್ಷದ ಮೇಲೆ ಬಂದಿದ್ದಾನೆ, ಕೂತು ಮಾತಾಡೋಣ ಅಂತ ಇಲ್ಲಿಗೆ ಕರೆದುಕೊಂಡು ಹೋದರೆ ರಾತ್ರಿಯೆಲ್ಲ ‘ಆಂ? ಏನಂದೆ?’ ಅನ್ನುವುದರಲ್ಲೇ ಮುಗಿಯುತ್ತದೆ.

ಮೊದಲ ಮಗ್ ಹೇಳುವ ಸತ್ಯ

ಡ್ರಾಫ್ಟ್ ಬಿಯರಿನ ಮುಕ್ಕಾಲು ದೋಷ ಬಿಯರಿನದ್ದಲ್ಲ, ಪೈಪಿನದ್ದು. ಕೆಗ್‌ಗೆ ಇಂಗಾಲದ ಡೈಆಕ್ಸೈಡ್ ಒತ್ತಡ ಕೊಟ್ಟು, ಪೈಪಿನ ಮೂಲಕ, ಚಿಲ್ಲರ್ ದಾಟಿಸಿ ನಲ್ಲಿಗೆ ತರುತ್ತಾರೆ. ಹತ್ತು ಮೀಟರ್ ಪೈಪಿನಲ್ಲಿ, ಅದರ ಒಳಗಾತ್ರಕ್ಕೆ ತಕ್ಕಂತೆ, 300ರಿಂದ 700 ಎಂಎಲ್ ಬಿಯರ್ ಸದಾ ನಿಂತಿರುತ್ತದೆ. ರಾತ್ರಿ ಬಾಗಿಲು ಹಾಕಿ ಮಾರನೇ ದಿನ ತೆರೆದ ಮೇಲೆ ಮೊದಲ ಗಿರಾಕಿಗೆ ಬರುವುದು ಈ ನಿನ್ನೆಯ ಬಿಯರ್. ಒಳ್ಳೆಯ ಕಡೆ ಮೊದಲ ಮಗ್ ಚೆಲ್ಲಿಯೇ ಕೆಲಸ ಶುರು ಮಾಡುತ್ತಾರೆ. ಮಧ್ಯಾಹ್ನ ಬಾಗಿಲು ತೆಗೆಯುತ್ತಿದ್ದ ಹಾಗೆ ಹೋದವರು ‘ಲೈನ್ ಬಿಟ್ಟಿದ್ದೀರಾ?’, ಅಂದರೆ ಪೈಪಿನಲ್ಲಿದ್ದ ಹಳೆ ಬಿಯರ್ ಚೆಲ್ಲಿದ್ದೀರಾ, ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಕೇಳಿದ್ದು ಅರ್ಥವಾಗದೆ ಮುಖ ನೋಡಿದರೆ ಬಾಟಲಿ ಹೇಳಿ.

ಪೈಪನ್ನು ಎರಡು ವಾರಕ್ಕೊಮ್ಮೆ ಕ್ಷಾರದ ದ್ರಾವಣ ಹಾಯಿಸಿ ತೊಳೆಯಬೇಕು, ನಲ್ಲಿಯ ಮೂತಿಯನ್ನೂ ಬಿಚ್ಚಿ ತೊಳೆಯಬೇಕು. ತೊಳೆಯದಿದ್ದರೆ ಒಳಗೆ ಲೋಳೆ ಕಟ್ಟಿ ಬ್ಯಾಕ್ಟೀರಿಯಾ, ಕಾಡು ಯೀಸ್ಟು ಮನೆ ಮಾಡುತ್ತವೆ. ಅದನ್ನು ಹಿಡಿಯಲು ಯಂತ್ರ ಬೇಡ, ಮೂಗು ಸಾಕು. ವಿನೆಗರಿನ ಹುಳಿ ವಾಸನೆ ಬಂದರೆ, ಅದು ಹುಳಿ ಬಿಯರ್ ಅಂತಲೇ ಮೆನುವಿನಲ್ಲಿ ಬರೆದಿಲ್ಲದಿದ್ದರೆ, ಲೈನ್ ಕೊಳಕು. ಬೆಣ್ಣೆ ಅಥವಾ ಪಾಪ್‌ಕಾರ್ನ್ ವಾಸನೆ ಬಂದರೂ ಲೈನ್ ಮೇಲೇ ಗುಮಾನಿ. ಮೈಕ್ರೋಬ್ರೂವರಿಯಾದರೆ ಇನ್ನೊಂದು ಕಾರಣವೂ ಉಂಟು, ಹುದುಗು ಮುಗಿಯುವ ಮೊದಲೇ ಟ್ಯಾಂಕಿನಿಂದ ಇಳಿಸಿದ್ದಾರೆ. ಮಳೆಯಲ್ಲಿ ನೆಂದ ರಟ್ಟಿನ ಡಬ್ಬದ ವಾಸನೆ ಅಂದರೆ ಗಾಳಿಯಾಡಿ ಹಳಸಿದ್ದು. ಬ್ಯಾಂಡೇಜಿನ, ಆಸ್ಪತ್ರೆಯ ವಾಸನೆ ಅಂದರೆ ನೀರಿನ ಕ್ಲೋರಿನ್ ಎಲ್ಲೋ ಸೇರಿಕೊಂಡಿದೆ. ಬೇಯಿಸಿದ ಮುಸುಕಿನಜೋಳದ ವಾಸನೆ ಜೋರಾಗಿದ್ದರೆ ಕುದಿಸಿದ್ದು ಸಾಲದು.

ಒಂದು ಮಾತು ಮಾತ್ರ ನೆನಪಿಡಿ. ಗೋಧಿ ಬಿಯರಿನಲ್ಲಿ, ಅಂದರೆ ಹೆಫೆವೈಸನ್‌ನಲ್ಲಿ, ಬಾಳೆಹಣ್ಣು ಮತ್ತು ಲವಂಗದ ಪರಿಮಳ ಇರಲೇಬೇಕು. ಅದು ಯೀಸ್ಟಿನ ಕೊಡುಗೆ. ‘ಎಸೆನ್ಸ್ ಹಾಕಿದ್ದಾರೆ’ ಅಂತ ಜಗಳ ತೆಗೆಯುವವರು ವಾರಕ್ಕೊಬ್ಬರಾದರೂ ಸಿಗುತ್ತಾರೆ. ಆ ಬಿಯರ್ ಮಬ್ಬಾಗಿಯೇ ಇರಬೇಕು, ತಿಳಿಯಾಗಿದ್ದರೆ ಅನುಮಾನಿಸಬೇಕು.

ಈಗ ಗ್ಲಾಸನ್ನು ಬೆಳಕಿಗೆ ಹಿಡಿಯಿರಿ. ಸ್ವಚ್ಛವಾದ ಗ್ಲಾಸಿನಲ್ಲಿ ಗುಳ್ಳೆಗಳು ಕೆಳಗಿನಿಂದ ನೆಟ್ಟಗೆ ಮೇಲಕ್ಕೆ ಹೋಗುತ್ತವೆ. ನೊರೆಯ ಕೆಳಗೆ, ಒಳಗೋಡೆಗೆ ಗುಳ್ಳೆಗಳು ಗುಂಪಾಗಿ ಅಂಟಿಕೊಂಡು ನಿಂತಿದ್ದರೆ ಅಲ್ಲೆಲ್ಲ ಜಿಡ್ಡು ಅಥವಾ ಸೋಪಿನ ಉಳಿಕೆ ಇದೆ. ಕಬಾಬಿನ ತಟ್ಟೆ ತೊಳೆದ ಸಿಂಕಿನಲ್ಲೇ ಮಗ್ ತೊಳೆದರೆ ಹೀಗಾಗುತ್ತದೆ. ಅಂಥ ಗ್ಲಾಸಿನಲ್ಲಿ ನೊರೆ ಒಂದೆರಡು ನಿಮಿಷದಲ್ಲಿ ಕರಗಿ ಬಿಯರ್ ಬೋಳಾಗುತ್ತದೆ. ಶುಚಿಯಾದ ಗ್ಲಾಸಿನಲ್ಲಿ ನೊರೆ ನಿಲ್ಲುತ್ತದೆ, ಒಂದೊಂದು ಗುಟುಕಿಗೂ ಗೋಡೆಯ ಮೇಲೆ ಬಳೆಯ ಹಾಗೆ ಒಂದೊಂದು ಸುತ್ತು ಉಳಿಯುತ್ತದೆ. ಮಗ್ ಮುಗಿದ ಮೇಲೆ ಬಳೆ ಎಣಿಸಿದರೆ ಎಷ್ಟು ಗುಟುಕಿಗೆ ಕುಡಿದಿರಿ ಅನ್ನುವುದೂ ಗೊತ್ತಾಗುತ್ತದೆ.

ಫ್ರೀಜರಿನಿಂದ ತೆಗೆದ, ಹೊರಗೆ ಮಂಜು ಕಟ್ಟಿದ ಮಗ್ ಕೊಟ್ಟರೆ ಮರ್ಯಾದೆ ಮಾಡಿದರು ಅಂದುಕೊಳ್ಳಬೇಡಿ. ಆ ಮಂಜು ಕರಗಿ ಬಿಯರಿಗೇ ನೀರು ಸೇರುತ್ತದೆ, ನೊರೆ ಉಕ್ಕುತ್ತದೆ, ನಾಲಿಗೆ ಮರಗಟ್ಟಿ ಮೇಲೆ ಹೇಳಿದ ದೋಷ ಒಂದೂ ತಿಳಿಯುವುದಿಲ್ಲ. ಲಾಗರ್, ಅಂದರೆ ತಣ್ಣಗೆ ಹುಳಿಸಿ ಮಾಗಿಸಿದ ಬಿಯರ್, 3ರಿಂದ 5 ಡಿಗ್ರಿ, ಗೋಧಿ ಬಿಯರ್ 5ರಿಂದ 8, ಕಪ್ಪು ಸ್ಟೌಟ್ 8ರಿಂದ 12 ಡಿಗ್ರಿ ಇದ್ದರೆ ಸರಿ. ಸ್ಟೌಟನ್ನೂ ಹಿಮದ ಹಾಗೆ ತಣ್ಣಗೆ ಕೊಡುವ ಕಡೆ ಅದನ್ನು ಹೇಳಿ ಪ್ರಯೋಜನವಿಲ್ಲ.

ಮೈಕ್ರೋಬ್ರೂವರಿಯಲ್ಲಿ ಕೇಳಬೇಕಾದ್ದು ಒಂದೇ ಪ್ರಶ್ನೆ: ‘ಈಗ ಹೊಸದಾಗಿ ಇಳಿಸಿರೋದು ಯಾವುದು?’ ಗೋಧಿ ಬಿಯರ್, ಏಲ್ (ಬೆಚ್ಚಗೆ, ಬೇಗ ಹುಳಿಸುವ ಬಗೆ) ಸುಮಾರು ಎರಡು ವಾರದಲ್ಲಿ ತಯಾರಾಗುತ್ತವೆ. ಲಾಗರಿಗೆ ತಣ್ಣಗೆ ಮಾಗಲು ನಾಲ್ಕರಿಂದ ಆರು ವಾರ ಬೇಕು, ಅಷ್ಟು ದಿನ ಟ್ಯಾಂಕ್ ಕಟ್ಟಿಹಾಕಿಕೊಳ್ಳುವುದು ವ್ಯಾಪಾರಕ್ಕೆ ನಷ್ಟ. ಹಾಗಾಗಿ ಲಾಗರನ್ನು ಅವಸರದಲ್ಲಿ ಇಳಿಸುವ ಚಪಲ ಎಲ್ಲರಿಗೂ ಇರುತ್ತದೆ. ಒಳ್ಳೆಯ ಲಾಗರ್ ಕೊಡುವ ಬ್ರೂವರಿ ಸಿಕ್ಕರೆ ಉಳಿದ ಬಿಯರನ್ನೂ ನಂಬಬಹುದು. ಹೇಳುವ ಮುಂಚೆ ಒಂದು ಗುಟುಕು ರುಚಿಗೆ ಕೊಡುವುದು ಬ್ರೂವರಿಗಳ ರೂಢಿ. ಅದನ್ನು ಕೊಡಲು ಮುಖ ಗಂಟಿಕ್ಕುವ ಕಡೆ ಬಿಯರಿನ ಮೇಲೆ ಅವರಿಗೇ ಭರವಸೆ ಇಲ್ಲ. ರುಚಿ ನೋಡುವಾಗ ತೆಳುವಿನಿಂದ ಕಪ್ಪಿನ ಕಡೆಗೆ ಹೋಗಿ. ಮೊದಲೇ ಸ್ಟೌಟ್ ಕುಡಿದರೆ ಆಮೇಲೆ ಅಕ್ಕಿ ಹಾಕಿದ ತಿಳಿಬಣ್ಣದ ಬ್ಲಾಂಡ್ ಬಿಯರ್ ನೀರಿನ ಹಾಗೆ ಅನಿಸುತ್ತದೆ.

ಅಳತೆ

ಪಿಚರ್ ಅಗ್ಗ ಅನ್ನುವ ನಂಬಿಕೆಯನ್ನು ಒಮ್ಮೆ ಎಣಿಸಿ ನೋಡಿ. ಮೆನುವಿನಲ್ಲಿ ಒಂದೂವರೆ ಲೀಟರ್ ಅಂತಿದ್ದು, ಮಗ್ 300 ಎಂಎಲ್ ಆಗಿದ್ದರೆ ಐದು ಮಗ್ ತುಂಬಬೇಕು. ನಾಲ್ಕಕ್ಕೇ ಮುಗಿದರೆ ನಿಮಗೆ ಸಿಕ್ಕಿದ್ದು 1.2 ಲೀಟರ್. ಐದು ಮಗ್ಗಿನ ಬೆಲೆಗಿಂತ ಪಿಚರ್ ಎಷ್ಟು ಕಡಿಮೆ ಅಂತ ಲೆಕ್ಕ ಹಾಕಿ, ನೂರು ರೂಪಾಯಿ ಉಳಿಯದಿದ್ದರೆ ಮಗ್ಗೇ ವಾಸಿ. ಪಿಚರಿನಲ್ಲಿ ಕೊನೆಯ ಎರಡು ಮಗ್ ಬೆಚ್ಚಗಾಗಿ, ಗ್ಯಾಸ್ ಹೋಗಿ ಚಪ್ಪೆಯಾಗಿರುತ್ತದೆ. ನಾಲ್ಕು ಜನಕ್ಕಿಂತ ಕಡಿಮೆ ಇದ್ದರೆ ಬೇಡ.

ನೊರೆ ಎರಡು ಬೆರಳು ಇರಬೇಕಾದ್ದೇ. ಆದರೆ ಅಂಚಿನವರೆಗೆ ತುಂಬಿದರೆ ಮಾತ್ರ 330 ಎಂಎಲ್ ಹಿಡಿಯುವ ಗ್ಲಾಸಿನಲ್ಲಿ ಎರಡು ಬೆರಳು ನೊರೆ ಬಿಟ್ಟರೆ 60-70 ಎಂಎಲ್ ಹೋಯಿತು. ಸರಿಯಾದ ಪಬ್ಬಿನಲ್ಲಿ ಗ್ಲಾಸು ಹೇಳಿದ ಅಳತೆಗಿಂತ ಸ್ವಲ್ಪ ದೊಡ್ಡದಿರುತ್ತದೆ, ಅಳತೆಗೆ ಗೆರೆ ಇರುತ್ತದೆ, ನೊರೆ ಗೆರೆಯ ಮೇಲೆ ನಿಲ್ಲುತ್ತದೆ. ಅರ್ಧ ಮಗ್ ನೊರೆಯೇ ಬಂದರೆ ಬಿಯರ್ ಅಥವಾ ಪೈಪು ಬೆಚ್ಚಗಿದೆ, ಇಲ್ಲವೇ ಒತ್ತಡ ಹೆಚ್ಚಾಗಿದೆ. ‘ಸ್ವಲ್ಪ ಟಾಪ್ ಅಪ್ ಮಾಡಿ ಅಣ್ಣಾ’ ಅಂದರೆ ಒಳ್ಳೆಯ ಬಾರಿನವರು ತಕರಾರಿಲ್ಲದೆ ಮಾಡುತ್ತಾರೆ.

ವಿಸ್ಕಿ, ರಮ್ ಆದರೆ 30 ಅಥವಾ 60 ಎಂಎಲ್ ಮೆಷರಿನಲ್ಲಿ ಅಳೆದು ನಿಮ್ಮ ಕಣ್ಣೆದುರೇ ಸುರಿಯಲಿ. ಕೌಂಟರಿನ ಹಿಂದಿನಿಂದ ಸೋಡಾ ಬೆರೆಸಿಯೇ ತಂದರೆ ಎಷ್ಟಿದೆ, ಯಾವುದಿದೆ ಎರಡೂ ಗೊತ್ತಾಗುವುದಿಲ್ಲ. ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಅನುಮಾನವಿದ್ದರೆ ಸೀಲಾದ ಕ್ವಾರ್ಟರ್ ಬಾಟಲಿಯನ್ನೇ ತರಿಸಿ, ಮುಚ್ಚಳದ ಮೇಲೆ ಅಬಕಾರಿ ಲೇಬಲ್ ಹರಿದಿಲ್ಲವೇ ನೋಡಿ, ಟೇಬಲ್ಲಿನಲ್ಲೇ ತೆಗೆಸಿ. ‘ಅನ್‌ಲಿಮಿಟೆಡ್’ ಆಫರಿನ ಗುಟ್ಟು ಇನ್ನೂ ಸರಳ. ಗ್ಲಾಸು ಚಿಕ್ಕದು, ಐಸ್ ಜಾಸ್ತಿ, ಮೂರನೇ ಸಲ ಕರೆದಾಗ ಸಪ್ಲೈಯರಿಗೆ ಕಿವಿ ಕೇಳಿಸುವುದಿಲ್ಲ.

ನೆಂಚಿಕೊಳ್ಳುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಲ್ಲ ಪಬ್ಬಿನಲ್ಲೂ ಮೊದಲು ಮಸಾಲ ಕಡ್ಲೆಬೀಜ ಹೇಳಿ. ಈರುಳ್ಳಿ ಆಗಷ್ಟೇ ಹೆಚ್ಚಿದ್ದೋ ಬೆಳಗಿನದ್ದೋ, ಬೀಜ ಗರಿಗರಿಯಾಗಿದೆಯೋ ಕಮಟು ಹೊಡೆಯುತ್ತಿದೆಯೋ ಅನ್ನುವುದರಲ್ಲಿ ಅಡುಗೆಮನೆಯ ಜಾತಕವೇ ಇದೆ. ಅದು ಕೆಟ್ಟಿದ್ದರೆ ಮೀನಿನ ಗೋಜಿಗೆ ಹೋಗಬೇಡಿ. ಕರಿದದ್ದರಲ್ಲಿ ಗಂಟಲು ಕೆರೆಯುವ ಕಮಟು ಇದ್ದರೆ ಎಣ್ಣೆ ಮತ್ತೆ ಮತ್ತೆ ಕಾಯಿಸಿದ್ದು. ಕುಡಿಯದ ಗೆಳೆಯರಿಗೆ ಡಬ್ಬಿ ಜ್ಯೂಸ್ ಬಿಟ್ಟು ಬೇರೆ ಏನಿದೆ ಅಂತಲೂ ನೋಡಿ. ಒಂದು ನಿಂಬೆ ಸೋಡಾ ಸರಿಯಾಗಿ ಮಾಡಲು ಬಾರದವರು ಕಾಕ್‌ಟೇಲ್ ಹೇಗೆ ಮಾಡಿಯಾರು.

ಶೌಚಾಲಯ, ಮೆಟ್ಟಿಲು, ಸದ್ದು

ಟೇಬಲ್ ಹಿಡಿಯುವ ಮೊದಲು ಒಬ್ಬರು ಶೌಚಾಲಯಕ್ಕೆ ಹೋಗಿ ಬನ್ನಿ. ಹೆಂಗಸರಿಗೆ ಬೇರೆಯಿದೆಯೇ, ದಾರಿಯಲ್ಲಿ ಬೆಳಕಿದೆಯೇ, ಚಿಲಕ ಹಾಕಿಕೊಳ್ಳುತ್ತದೆಯೇ, ನೀರು ಮತ್ತು ಸೋಪು ಇದೆಯೇ. ಎಷ್ಟೋ ಕಟ್ಟಡಗಳಲ್ಲಿ ಮನೆಯನ್ನೇ ಪಬ್ ಮಾಡಿರುವುದರಿಂದ ಶೌಚಾಲಯ ಮೆಟ್ಟಿಲ ಕೆಳಗಿನ ಇಕ್ಕಟ್ಟಿಗೆ ಸೇರಿರುತ್ತದೆ. ‘ಲೇಡೀಸ್ ನೈಟ್’ ಬೋರ್ಡು ದೊಡ್ಡದಾಗಿ ಹಾಕಿ, ಒಳಗೆ ಗಂಡಸರು-ಹೆಂಗಸರಿಗೆ ಒಂದೇ ಬಾಗಿಲು ಇಟ್ಟ ಪಬ್ಬಿಗೆ ಹೆಂಗಸರು ಬೇಕಾಗಿರುವುದು ಗಿರಾಕಿಗಳಾಗಿ ಅಲ್ಲ.

ಆಮೇಲೆ ಮೆಟ್ಟಿಲು. ಮುಂಬಯಿಯ ಕಮಲಾ ಮಿಲ್ಸ್ ಆವರಣದ ಮಹಡಿ ಪಬ್ಬುಗಳಲ್ಲಿ 2017ರ ಡಿಸೆಂಬರ್ 29ರ ನಸುಕಿಗೆ ಬೆಂಕಿ ಬಿದ್ದು 14 ಜನ ಸತ್ತರು. ಮೇಲೆ ಹೊದಿಸಿದ್ದ ಹೊದಿಕೆ ಕ್ಷಣದಲ್ಲಿ ಹತ್ತಿಕೊಂಡಿತು, ಹಲವರು ದಾರಿ ಕಾಣದೆ ಶೌಚಾಲಯ ಹೊಕ್ಕು ಹೊಗೆಗೆ ಉಸಿರುಗಟ್ಟಿದರು. ಬೆಂಗಳೂರಿನ ಮಹಡಿ ಪಬ್ಬುಗಳಲ್ಲೂ ಬಿದಿರು, ಹುಲ್ಲು, ಪ್ಲಾಸ್ಟಿಕ್ ಶೀಟಿನ ಸೂರು ಅಪರೂಪವಲ್ಲ. ಕೆಳಗಿಳಿಯಲು ಲಿಫ್ಟ್ ಬಿಟ್ಟು ಎರಡು ಮೆಟ್ಟಿಲಿರಬೇಕು. ಎರಡನೆಯದರಲ್ಲಿ ಬಿಯರ್ ಕ್ರೇಟು, ಮುರಿದ ಕುರ್ಚಿ ಪೇರಿಸಿದ್ದರೆ ಅದು ಮೆಟ್ಟಿಲಲ್ಲ, ಗೋದಾಮು. ಒಂದೇ ಮೆಟ್ಟಿಲು, ಅದರ ಬುಡದಲ್ಲೇ ಅಡುಗೆಮನೆ, ಮೇಲೆ ಹುಲ್ಲಿನ ಸೂರು: ಈ ಮೂರೂ ಸೇರಿದ್ದ ಕಡೆ ನೋಟ ಎಷ್ಟೇ ಚೆನ್ನಾಗಿದ್ದರೂ ಕೂರಬೇಡಿ. ಸೂರಿನಡಿ ಬಾಟಲಿಗೆ ಬೆಂಕಿ ಹಚ್ಚಿ ಆಟ ತೋರಿಸುವ, ಸುರ್‌ಸುರ್‌ಬತ್ತಿ ಸಿಕ್ಕಿಸಿ ತರುವ ಪಬ್ಬಿಂದಲೂ ಎದ್ದು ಬನ್ನಿ. ಹುಕ್ಕಾ ಇದೆ ಅಂತ ಮೆಲ್ಲಗೆ ಹೇಳಿದರೆ, ರಾಜ್ಯದಲ್ಲಿ 2024ರ ಫೆಬ್ರವರಿಯಿಂದ ಅದಕ್ಕೆ ನಿಷೇಧವಿದೆ ಅನ್ನುವುದು ಗೊತ್ತಿರಲಿ. ಆ ಒಂದು ನಿಯಮ ಮುರಿದವರು ಉಳಿದದ್ದನ್ನು ಪಾಲಿಸುತ್ತಾರೆ ಅಂತ ನಂಬುವುದು ಕಷ್ಟ.

ಸದ್ದಿಗೆ ಸುಲಭದ ಅಳತೆ ಇದೆ. ಒಂದು ತೋಳಿನಷ್ಟು ದೂರ ಕೂತವರಿಗೆ ಕೂಗಿ ಹೇಳಬೇಕಾದರೆ ಸುಮಾರು 85 ಡೆಸಿಬೆಲ್ ದಾಟಿದೆ, ಮಾರನೇ ದಿನ ಗಂಟಲು ಕೂರುತ್ತದೆ, ಕಿವಿ ಗುಂಯ್ ಅನ್ನುತ್ತದೆ. ಸ್ಪೀಕರಿನ ನೇರಕ್ಕೆ ಕೂರಬೇಡಿ. ರಾತ್ರಿ ಎಂಟಕ್ಕೆ ಮೆಲುವಾಗಿರುವ ಸಂಗೀತ ಒಂಬತ್ತೂವರೆಗೆ ಹಾಗೇ ಇರುತ್ತದೆಯೇ ಅಂತ ಮೊದಲೇ ಕೇಳಿಬಿಡಿ. ಚಿನ್ನಸ್ವಾಮಿಯಲ್ಲಿ ಐಪಿಎಲ್ ಪಂದ್ಯವಿದ್ದ ರಾತ್ರಿ ಚರ್ಚ್ ಸ್ಟ್ರೀಟ್ ಸುತ್ತಮುತ್ತ, ಡಿಸೆಂಬರ್ 31ರಂದು ಎಲ್ಲೇ ಆಗಲಿ, ಮಾತಿನ ಆಸೆ ಬಿಡಬೇಕು. ಹೊಸ ವರ್ಷದ ರಾತ್ರಿ ಪ್ಯಾಕೇಜು, ಒಳಗೆ ಬಿಡಲು ಕೇಳುವ ಕವರ್ ಚಾರ್ಜು, ನೂಕುನುಗ್ಗಲು ಎಲ್ಲ ಸೇರಿ ವರ್ಷದಲ್ಲೇ ಅತಿ ಕಳಪೆ ಸೇವೆಗೆ ಅತಿ ಹೆಚ್ಚು ದುಡ್ಡು ಕೊಡುತ್ತೀರಿ.

ಬಿಲ್ಲು ಓದುವುದು

ಮದ್ಯ ಜಿಎಸ್‌ಟಿ ವ್ಯಾಪ್ತಿಗೆ ಬರುವುದಿಲ್ಲ. ಹೊರಗಿನ ಸಾಮಾನ್ಯ ಪಬ್, ರೆಸ್ಟೋರೆಂಟುಗಳಲ್ಲಿ ತಿಂಡಿಗೆ, ತಂಪು ಪಾನೀಯಕ್ಕೆ ಶೇ 5 ಜಿಎಸ್‌ಟಿ. ದುಬಾರಿ ಸ್ಟಾರ್ ಹೋಟೆಲಿನೊಳಗಿನ ಬಾರುಗಳಲ್ಲಿ ಶೇ 18. ಬಿಲ್ಲಿನಲ್ಲಿ ಆಹಾರ ಮತ್ತು ಮದ್ಯ ಬೇರೆ ಬೇರೆ ಕಾಣಬೇಕು. ಎಲ್ಲ ಸೇರಿಸಿ ಒಟ್ಟು ಮೊತ್ತದ ಮೇಲೆ ಶೇ 5 ಹಾಕಿದ್ದರೆ ತಿದ್ದಿಸಿ. ಎರಡು ಸಾವಿರದ ಬಿಯರ್, ಎಂಟುನೂರರ ತಿಂಡಿ ಆಗಿದ್ದರೆ ಜಿಎಸ್‌ಟಿ 40 ರೂಪಾಯಿ, 140 ಅಲ್ಲ.

ಸರ್ವಿಸ್ ಚಾರ್ಜ್ ತೆರಿಗೆಯಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಅದನ್ನು ತಾನೇ ತಾನಾಗಿ ಬಿಲ್ಲಿಗೆ ಸೇರಿಸಬಾರದು ಅಂತ ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಅನ್ನಿ. ತೆಗೆಯದಿದ್ದರೆ 1915 ಸಹಾಯವಾಣಿ ಇದೆ, ಹೆಚ್ಚಿನ ಕಡೆ ಆ ಸಂಖ್ಯೆ ಹೇಳಿದರೇ ಸಾಕು. ಉಳಿದ ದುಡ್ಡಿನಲ್ಲಿ ಸ್ವಲ್ಪವನ್ನು ಸಪ್ಲೈಯರಿನ ಕೈಗೇ ಕೊಡಿ, ಅವರಿಗೆ ತಲುಪುವುದು ಅದು. ನೀರು ಕೇಳಿದಾಗ ಮುಚ್ಚಳ ತೆಗೆದ ಬಾಟಲಿಯನ್ನೇ ತಂದಿಡುವುದು ಹಳೇ ಚಾಳಿ. ಹೋಟೆಲಿನಲ್ಲಿ ಬಡಿಸುವ ಬಾಟಲಿ ನೀರಿಗೆ ಎಂಆರ್‌ಪಿಗಿಂತ ಹೆಚ್ಚು ಹಾಕಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿರುವುದರಿಂದ ಅಲ್ಲಿ ವಾದಿಸಿ ಫಲವಿಲ್ಲ. ಕೂತ ತಕ್ಷಣ ‘ನಾರ್ಮಲ್ ನೀರು’ ಅಂತ ಹೇಳಿಬಿಡಿ.

ಮಗ್ಗುಗಳ ಲೆಕ್ಕವನ್ನು ಫೋನಿನಲ್ಲಿ ಗೀಟು ಹಾಕಿ ಇಟ್ಟುಕೊಳ್ಳಿ. ದೊಡ್ಡ ಗುಂಪಿನ ಬಿಲ್ಲಿನಲ್ಲಿ ಒಂದೆರಡು ಹೆಚ್ಚಾಗಿರುವುದು ಬಹಳ ಸಲ ಮೋಸವಲ್ಲ, ಪಕ್ಕದ ಟೇಬಲಿನ ಆರ್ಡರು ನಿಮ್ಮದಕ್ಕೆ ಬಿದ್ದಿರುತ್ತದೆ.

ಎಷ್ಟೊತ್ತಿಗೆ ಹೋಗಬೇಕು, ಹೇಗೆ ಬರಬೇಕು

ಹೆಚ್ಚಿನ ಪಬ್ಬುಗಳಲ್ಲಿ ವಾರದ ದಿನ ಸಂಜೆ ಏಳು-ಎಂಟರವರೆಗೆ ಹ್ಯಾಪಿ ಅವರ್ಸ್, ಅಂದರೆ ಕಡಿಮೆ ಬೆಲೆಯ ಹೊತ್ತು, ಇರುತ್ತದೆ, ಬಿಯರೂ ಆಗ ತಾಜಾ, ಸಪ್ಲೈಯರೂ ತಾಜಾ. ಬಾಗಿಲಲ್ಲಿ ವಯಸ್ಸಿಗೆ 21 ಕೇಳುತ್ತಾರೆ, ಮೀಸೆ ನೋಡಿ ಬಿಡುತ್ತಾರೆ ಅಂದುಕೊಳ್ಳದೆ ಗುರುತಿನ ಚೀಟಿ ಇಟ್ಟುಕೊಳ್ಳಿ. ಅಕ್ಟೋಬರ್ 2ರಂದು, ಮತದಾನ ಮುಗಿಯುವ 48 ಗಂಟೆ ಮೊದಲಿನಿಂದ ಮದ್ಯ ಸಿಗುವುದಿಲ್ಲ.

2024ರ ಆದೇಶದಿಂದ ನಗರದ ಬಾರುಗಳು ರಾತ್ರಿ ಒಂದರವರೆಗೆ ತೆರೆದಿರಬಹುದು. ಅಡುಗೆಮನೆ ಅದಕ್ಕಿಂತ ಬೇಗ ಮುಚ್ಚುತ್ತದೆ, ಮೆಟ್ರೋ ಇನ್ನೂ ಬೇಗ. ಕೊನೆಯ ರೈಲು ಹನ್ನೊಂದರ ಆಸುಪಾಸು. ಈ ಎರಡು ಗಂಟೆಯ ಅಂತರದಲ್ಲೇ ಆಟೋದವರು ಮೂರುಪಟ್ಟು ಕೇಳುವುದು. ಎಂ.ಜಿ. ರಸ್ತೆ, ಹಲಸೂರು, ಇಂದಿರಾನಗರ ನಿಲ್ದಾಣಗಳಿಂದ ನಡೆದು ಹೋಗುವಷ್ಟು ದೂರದ ಪಬ್, ಮುಖ್ಯರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿರುವ ‘ಸಕತ್’ ಪಬ್ಬಿಗಿಂತ ಮೇಲು ಅನ್ನುವುದು ಹತ್ತೂಮುಕ್ಕಾಲಿಗೆ ತಿಳಿಯುತ್ತದೆ.

ಗಾಡಿ ತರಬೇಡಿ. ರಕ್ತದ 100 ಎಂಎಲ್‌ಗೆ 30 ಮಿಲಿಗ್ರಾಂ ಆಲ್ಕೋಹಾಲ್ ಮೀರಿದರೆ ಕೇಸು, ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ‘ಒಂದೇ ಮಗ್ ಅಲ್ವಾ’ ಅನ್ನುವ ಲೆಕ್ಕ ಕೆಲಸಕ್ಕೆ ಬಾರದು, ಮೈಕಟ್ಟು, ತಿಂದ ಊಟ, ಬಿಯರಿನ ಕಡುಪು ಎಲ್ಲದರ ಮೇಲೂ ಅದು ನಿಂತಿದೆ. ಬ್ರೂವರಿಗಳಲ್ಲಿ ಶೇ 4.5ರ ಗೋಧಿ ಬಿಯರಿನ ಪಕ್ಕದಲ್ಲೇ ಶೇ 7-8ರ ಬೆಲ್ಜಿಯನ್ ಬಗೆಯೂ ಅದೇ ಮಗ್ಗಿನಲ್ಲಿ ಬರುತ್ತದೆ, ಮೆನುವಿನಲ್ಲಿ ಹೆಸರಿನ ಕೆಳಗಿನ ಸಣ್ಣ ಅಕ್ಷರ ಓದಿ. ತಂದೇಬಿಟ್ಟಿದ್ದರೆ ರಾತ್ರಿ ಗಾಡಿ ಅಲ್ಲೇ ಬಿಡಲು ಜಾಗವಿದೆಯೇ, ಬಾಡಿಗೆ ಡ್ರೈವರನ್ನು ಕರೆಸಿಕೊಡುತ್ತಾರೆಯೇ ಅಂತ ಮೊದಲ ಮಗ್ಗಿಗೂ ಮುಂಚೆ ಕೇಳಿ. ಗಾಡಿ ನಿಲ್ಲಿಸಿಕೊಡುವ ವ್ಯಾಲೆಗೆ ಕೀ ಕೊಡುವಾಗ ಕಾರಿನ ನಾಲ್ಕೂ ಮೂಲೆಯ ಫೋಟೋ ತೆಗೆದುಕೊಳ್ಳಿ.